ಫ್ಲಾರೆನ್ಸ್‌ನಲ್ಲಿ ಅರ್ಧ ದಿನ: ಹೋಗಿ ಬಂದವರು ಏನಂತೀರಿ?

ಪ್ರಶ್ನೆ: ಅಪ್ಪ ಅಮ್ಮನನ್ನು ಕರೆದುಕೊಂಡು ಗ್ರೂಪ್ ಟೂರ್‌ನಲ್ಲಿ ಯೂರೋಪಿಗೆ ಹೊರಟಿದ್ದೇವೆ. ಇಟಲಿಯ ಫ್ಲಾರೆನ್ಸ್‌ಗೆ ಕೊಟ್ಟಿರುವುದು ಅರ್ಧ ದಿನ ಮಾತ್ರ. ಮೊದಲ ನೋಟಕ್ಕೆ ಊರು ಹೇಗನ್ನಿಸಿತು? ಅಷ್ಟರಲ್ಲಿ ಏನು ನೋಡಬಹುದು? ಅಮ್ಮನಿಗೆ ಮಂಡಿನೋವು ಬೇರೆ.

ಉತ್ತರ: ಮೊದಲು ಟೂರ್‌ನವರು ಕೊಟ್ಟ ಪಟ್ಟಿ ತೆಗೆಯಿರಿ. ಅದರಲ್ಲಿ ‘ಡೇವಿಡ್’ ಅಂತ ಇದ್ದರೆ, ಯಾವ ಡೇವಿಡ್ ಅಂತ ಕೇಳಿ. ಮೈಕೆಲಾಂಜೆಲೊ ಕೆತ್ತಿದ ಅಸಲಿ ಮೂರ್ತಿ 1873ರಿಂದ ಅಕಾಡೆಮಿಯಾ ಮ್ಯೂಸಿಯಂನಲ್ಲಿದೆ. ಅದಕ್ಕೆ ಟಿಕೆಟ್ ಬೇಕು, ಸಾಮಾನ್ಯವಾಗಿ ಸೋಮವಾರ ರಜೆ. ಸಿನ್ಯೋರಿಯಾ ಚೌಕದಲ್ಲಿರುವುದು ನಕಲು. ಗುಡ್ಡದ ಮೇಲೆ, ಬಸ್ಸು ನಿಲ್ಲಿಸಿ ಫೋಟೊ ತೆಗೆಸುವ ಜಾಗದಲ್ಲಿರುವುದು ಕಂಚಿನ ನಕಲು. ನಮ್ಮ ಗ್ರೂಪಿನ ಎಷ್ಟೋ ಜನ ಅದನ್ನೇ ಅಸಲಿ ಅಂದುಕೊಂಡು ಊರಿಗೆ ಫೋಟೊ ಕಳಿಸಿದರು!

ಗುಡ್ಡದಿಂದ ಊರು ಚೆನ್ನಾಗಿಯೇ ಕಾಣುತ್ತದೆ. ಎಲ್ಲೆಲ್ಲೂ ಕೆಂಪು ಹೆಂಚು, ನಡುವೆ ಆ ದೊಡ್ಡ ಗುಮ್ಮಟ. ಆದರೆ ನನಗೆ ಮೈ ಜುಮ್ಮೆಂದಿದ್ದು ಕೆಳಗೆ ಬಂದ ಮೇಲೆ. ಇಕ್ಕಟ್ಟಾದ ಬೀದಿಯಲ್ಲಿ ನಡೆಯುತ್ತಿರುತ್ತೀರಿ, ತಿರುವಿನಲ್ಲಿ ಏಕಾಏಕಿ ಬಿಳಿ, ಹಸಿರು, ಗುಲಾಬಿ ಅಮೃತಶಿಲೆಯ ಗೋಡೆ ಎದುರಾಗುತ್ತದೆ. ಕತ್ತೆತ್ತಿದರೂ ಮುಗಿಯುವುದಿಲ್ಲ. ಅದೇ ಡುವೊಮೊ, ಊರಿನ ದೊಡ್ಡ ಚರ್ಚು. ಕೆಲಸ ಶುರುವಾಗಿದ್ದು 1296ರಲ್ಲಿ. ಗುಮ್ಮಟ ಕಟ್ಟಲು ನೂರು ವರ್ಷ ದಾಟಿದರೂ ಯಾರಿಗೂ ದಾರಿ ತೋಚಿರಲಿಲ್ಲ. ಅಷ್ಟಗಲಕ್ಕೆ ಕೆಳಗಿನಿಂದ ಮರದ ಆಸರೆ ಕೊಡುವುದು ಆಗದ ಮಾತು. ಬ್ರುನೆಲೆಸ್ಕಿ ಅನ್ನುವ ವಾಸ್ತುಶಿಲ್ಪಿ ಆಸರೆಯೇ ಇಲ್ಲದೆ, ಇಟ್ಟಿಗೆಗಳು ಒಂದನ್ನೊಂದು ಹಿಡಿದುಕೊಳ್ಳುವ ಹಾಗೆ ಓರೆಯಾಗಿ ಹೆಣೆದು, 1420ರಿಂದ 1436ರೊಳಗೆ ಕಟ್ಟಿ ಮುಗಿಸಿದ. ನಮ್ಮ ಗೋಲಗುಮ್ಮಟಕ್ಕಿಂತ ಇನ್ನೂರು ವರ್ಷ ಹಿಂದಿನ ಮಾತು. ಚರ್ಚಿನ ದಕ್ಷಿಣಕ್ಕೆ ಅವನದೊಂದು ಕೂತ ಮೂರ್ತಿ ಇದೆ. ತೊಡೆಯ ಮೇಲೆ ನಕ್ಷೆ, ಕಣ್ಣು ಗುಮ್ಮಟದ ಮೇಲೆ. ಗೈಡ್ ಅಲ್ಲಿ ನಿಲ್ಲಿಸದಿದ್ದರೆ ನೀವೇ ಕೇಳಿ.

ಇನ್ನೊಬ್ಬರು: ತಾಯಿಯವರ ವಿಷಯಕ್ಕೆ ಬರುತ್ತೇನೆ. ಹಳೇ ಊರಿನೊಳಗೆ ಟೂರ್ ಬಸ್ಸು ಬಿಡುವುದಿಲ್ಲ, ಕಲ್ಲು ಹಾಸಿನ ಮೇಲೆ ಸಾಕಷ್ಟು ನಡಿಗೆ ಇರುತ್ತದೆ. ಗುಮ್ಮಟ ಹತ್ತಲು 463 ಮೆಟ್ಟಿಲು, ಲಿಫ್ಟ್ ಇಲ್ಲ, ಆಸೆ ಬಿಡಿ. ಸಿನ್ಯೋರಿಯಾ ಚೌಕದ ಪಕ್ಕದ ತೆರೆದ ಮಂಟಪದಲ್ಲಿ ಅವರನ್ನು ಕೂರಿಸಿ. ಶಿಲ್ಪಿ ಚೆಲ್ಲೀನಿ ಮಾಡಿದ, ಗ್ರೀಕ್ ಪುರಾಣದ ವೀರ ಪರ್ಸಿಯಸ್‌ನ ಕಂಚಿನ ಮೂರ್ತಿ ಅಲ್ಲೇ ಇದೆ, ಟಿಕೆಟ್ಟೂ ಇಲ್ಲ. ಕಾಫಿ ನಿಂತೇ ಕುಡಿದರೆ ಅಗ್ಗ, ಮೇಜಿಗೆ ತರಿಸಿದರೆ ದುಡ್ಡು ಜಾಸ್ತಿ. ಅಲ್ಲಿನ ಬ್ರೆಡ್‌ಗೆ ಉಪ್ಪೇ ಹಾಕುವುದಿಲ್ಲ, ಚಟ್ನಿಪುಡಿ ಬ್ಯಾಗಿನಲ್ಲಿರಲಿ.

ಮತ್ತೊಬ್ಬರು: ನಿಜ ಹೇಳಬೇಕೆಂದರೆ ನನಗೆ ಮೊದಲು ಕಂಡಿದ್ದು ಬರೀ ಜನಜಂಗುಳಿ. ಪೊಂಟೆ ವೆಕ್ಕಿಯೊ ಅಂತ ಹಳೇ ಸೇತುವೆ ಇದೆ, 1345ರದ್ದು. 1944ರಲ್ಲಿ ಜರ್ಮನ್ ಸೇನೆ ಊರಿನ ಉಳಿದ ಸೇತುವೆಗಳನ್ನೆಲ್ಲ ಉಡಾಯಿಸಿ ಇದೊಂದನ್ನು ಬಿಟ್ಟಿತು. ಆದರೆ ಅದರ ಮೇಲೆ ನಡೆದರೆ ಸೇತುವೆ ಅನ್ನಿಸುವುದೇ ಇಲ್ಲ, ಎರಡೂ ಕಡೆ ಒಡವೆ ಅಂಗಡಿ. ಪಕ್ಕದ ಸಾಂತಾ ತ್ರಿನಿತಾ ಸೇತುವೆಗೆ ಹೋಗಿ ಅಲ್ಲಿಂದ ನೋಡಿ. ಆಮೇಲೆ ಲೆದರ್ ಅಂಗಡಿಗೆ ಕರೆದುಕೊಂಡು ಹೋದರೆ ಸುಮ್ನೆ ಹೊತ್ತು ಕಳೆಯಬೇಡಿ. ಅದು ಸಾಂತಾ ಕ್ರೋಚೆ ಚರ್ಚಿನ ಹತ್ತಿರವೇ ಇದ್ದರೆ ಗೈಡ್‌ಗೆ ಹೇಳಿ ಚರ್ಚಿಗೆ ಹೋಗಿಬಿಡಿ. ಗೆಲಿಲಿಯೋ, ಮೈಕೆಲಾಂಜೆಲೊ ಸಮಾಧಿ ಅಲ್ಲಿವೆ. ಟಿಕೆಟ್ ಇದೆ, ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಬಸ್ಸಿಗೆ ಎಲ್ಲಿ, ಎಷ್ಟು ಗಂಟೆಗೆ ಸೇರಬೇಕು ಅಂತ ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ.