ಕುಂದ್ರು, ಬಸ್, ಸಿಟ್: ಮರಿಗೆ ಯಾವ ಮಾತು ಕಲಿಸ್ಲಿ?

ವಡಗಾವಿ ಮನಿ:
ನಮಸ್ಕಾರ್ರೀ. ನಾವು ಬೆಳಗಾವಿ ವಡಗಾವಿ ಕಡೆಯವರು. ಮುಧೋಳ ತಾಲೂಕಿನ ಒಬ್ಬ ರೈತರ ಮನಿಯಿಂದ ಹೆಣ್ಣು ನಾಯಿಮರಿ ತಂದೀವಿ, ಈಗ 11 ವಾರ. ಹೆಸರು ಚಂದ್ರಿ.

ನಾನು ಗೋಕಾಕದಾಕಿ, ಬಾಯಿಗೆ ಬರೋದು 'ಕುಂದ್ರು'. ನಮ್ಮ ಅತ್ತಿಯವರು ಮರಾಠಿಯೊಳಗ 'ಬಸ್' ಅಂತಾರ. ಮಗ ಸಾಲಿಯಿಂದ ಬಂದಾಂವನ 'ಸಿಟ್, ಸಿಟ್, ಸಿಟ್' ಅಂತಾನ. ಅದರಾಗ ಊಟಕ್ಕ ನೀಡುವಾಗ ಎಲ್ಲಾರೂ 'ಬಸ್ ಬಸ್' ಅಂದ್ರ ಸಾಕು ಅಂತ ಅರ್ಥ! ಮರಿ ಒಬ್ಬೊಬ್ಬರ ಮಾರಿ ನೋಡತೈತಿ, ಆಮ್ಯಾಲೆ ಬಾಗಲ ಹಿಂದ ಹೋಗಿ ಮಲಕೋತೈತಿ. ನೋಡಿದ್ರ ಕರಳು ಚುರುಕ್ ಅಂತೈತಿ. ತಪ್ಪು ಅದರದಲ್ಲ, ನಮ್ಮದು.

ನನಗ ಕನ್ನಡದಾಗ ಕಲಿಸೋ ಆಸೆ. ಇಂಗ್ಲಿಷ್ ಆದ್ರ ನಾಯಿಗೆ ಸಸಾರ ಅಂತಾರಲ್ಲ, ಖರೇನ?

ಲೋಕಾಪುರದಾಂವ:
ಅಕ್ಕಾರ, ಭಾಷಾ ಯಾವುದಾದ್ರೂ ನಡೀತೈತಿ. ನಾಯಿ ಹಿಡಿಯೋದು ಸಪ್ಪಳ, ಅರ್ಥ ಅಲ್ಲ. ಆದ್ರ ಸಪ್ಪಳ ಒಂದಕ್ಕೊಂದು ಹೋಲಬಾರದು. ನಾನು ಮೊದಲನೇ ನಾಯಿಗೆ 'ಕುಂದ್ರು', 'ನಿಂದ್ರು' ಎರಡೂ ಕಲಿಸಾಕ ಹೋಗಿ ಒಂದು ತಿಂಗಳು ಹಾಳು ಮಾಡಿದೆ. ಬಾಲ ಒಂದ ಐತಿ ನೋಡ್ರಿ ಆ ಎರಡು ಮಾತಿಗೆ. ಈಗ ನಮ್ಮಲ್ಲಿ 'ಕೂಡ್' ಮತ್ತ 'ತಡಿ'. 'ಬಾ', 'ಬ್ಯಾಡ', 'ಬಿಡು' ಮೂರೂ ಬಕಾರದಿಂದ ಸುರು ಆಗ್ತಾವ, ಹಂಗಾಗಿ 'ಬಾ' ಇಟ್ಕೊಂಡು, ಬ್ಯಾಡ ಅನ್ನಾಕ 'ಉಹುಂ', ಬಾಯಾಗಿನ ಚಪ್ಪಲಿ ಬಿಡಸಾಕ 'ಒಗಿ'.

ಇನ್ನೊಂದು. ನಿಮ್ಮ ಮನಿಗೆ ಬಂದವರಿಗೆ 'ಬರ್ರಿ, ಕುಂದ್ರಿ' ಅಂತೀರಿ. ಮರಿ ಹೆಸರು ಚಂದ್ರಿ. ಅದು ತನ್ನನ್ನ ಕರದ್ರು ಅಂತ ಓಡಿ ಬರತಿರಬೇಕು, ಸ್ವಲ್ಪ ಗಮನಿಸ್ರಿ. ಮನುಷ್ಯರಿಗೆ ದಿನಾ ಅನ್ನೋ ಮಾತು ನಾಯಿಗೆ ಇಡಬ್ಯಾಡ್ರಿ, ಕೇಳಿ ಕೇಳಿ ಅದು ಕಿವಿಗೆ ಹಾಕ್ಕೊಳ್ಳೋದನ್ನ ಬಿಡತೈತಿ.

ಮುಧೋಳ ಬೇಟೆ ನಾಯಿ, ಮೂಗಿಗಿಂತ ಕಣ್ಣು ಮುಂದ. ಕೈ ಸನ್ನಿ ಲಗೂ ಹಿಡಿತೈತಿ. ಅದಕ್ಕ ಮೊದಲು ಮಾತು, ಒಂದು ಕ್ಷಣ ತಡದು ಕೈ. ಎರಡೂ ಒಮ್ಮೆಲೆ ಮಾಡಿದ್ರ ಕೈ ಅಷ್ಟ ನೋಡತೈತಿ, ಮಾತು ಕಲಿಯಂಗಿಲ್ಲ. ಕುಂತ ಕೂಡಲೆ ತಿನಸ್ರಿ, ಡಬ್ಬಿ ಹುಡಕೋತ ನಿಂತ್ರ ಅಷ್ಟರಾಗ ಅದು ಎದ್ದಿರತೈತಿ, ಎದ್ದದ್ದಕ್ಕ ಕೊಟ್ಟಂಗಾತು. ಕುದಿಸಿದ ತತ್ತಿ ಚೂರು ಸಾಕು.

ಈ ತಳಿ ಮಾತು ಕೇಳಂಗಿಲ್ಲ ಅನ್ನೋರನ್ನ ನಂಬಬ್ಯಾಡ್ರಿ. 2016ರಾಗ ಸೈನ್ಯದವರು ನಮ್ಮ ಮುಧೋಳ ಮರಿಗಳನ್ನ ಮೀರತ್‌ಗೆ ಒಯ್ದು ತರಬೇತಿ ಕೊಟ್ಟಾರ. ಆಹಾರ, ಲಸಿಕೆ ವಿಚಾರ ಏನಿದ್ರೂ ಮುಧೋಳ ತಾಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಾಗ ಕೇಳ್ರಿ.

ಜಲನಗರ, ವಿಜಯಪುರ:
ಲೋಕಾಪುರದ ಅಣ್ಣಾರ ಮಾತು ಒಪ್ಪತೀನಿ, ಆದ್ರ ನಾನು ಇಂಗ್ಲಿಷ್ ಇಟ್ಟೀನಿ. ಊರಿಗೆ ಹೋದಾಗ ನಾಯಿ ಬ್ಯಾರೆಯವರ ಕೈಯಾಗ ಇರತೈತಿ, 'ಸಿಟ್' ಎಲ್ಲಾರಿಗೂ ಗೊತ್ತು. ಯಾವುದ ಆಗ್ಲಿ, ಒಮ್ಮೆ ಹೇಳಿ ಸುಮ್ಮನಿರ್ರಿ. ನಿಮ್ಮ ಮಗ ಮೂರು ಸಲ ಅಂದ್ರ ಮೂರನೇದಕ್ಕ ಕುಂತ್ರ ನಡೀತೈತಿ ಅಂತ ಅದು ಕಲಿತೈತಿ.

'ಬಾ' ಅಂತ ಕರದು ಜಳಕ ಮಾಡಿಸೋದು, ಸೂಜಿ ಚುಚ್ಚಿಸೋದು ಎಂದೂ ಮಾಡಬ್ಯಾಡ್ರಿ. ಅಂಥಾದ್ದಕ್ಕ ನೀವ ಹೋಗಿ ಎತ್ಕೊಂಡು ಬರ್ರಿ. ನಾನು ಹಂಗ ಕರದು ಕರದು ಕೆಡಿಸಿದೆ. ಒಂದಿನ ಸೋಲಾಪುರ ರಸ್ತೆ ಮ್ಯಾಲೆ ನಿಂತು 'ಬಾ' ಅಂದ್ರ ನನ್ನ ನಾಯಿ ಬರಲಿಲ್ಲ. ಆ ದಿನ ಉಳೀತು, ಆದ್ರ ನೆನಸಿದ್ರ ಇವತ್ತಿಗೂ ಕೈ ನಡಗತಾವ.

ವಡಗಾವಿ ಮನಿ:
12 ದಿನ ಆತ್ರಿ, ಹೇಳಬೇಕನಿಸ್ತು. ಅಣ್ಣಾರ, ಹೆಸರಿನ ಮಾತು ಖರೇ! ಮೊನ್ನೆ ಅತ್ತಿಯವರ ತಂಗಿ ಬಂದಾಗ 'ಕುಂದ್ರಿ' ಅಂದೆ, ಅಟ್ಟದ ಮೆಟ್ಟಲ ಮ್ಯಾಲಿಂದ ಮರಿ ಜಿಗದು ಬಂತು. ಹೆಸರು ಬದಲಿಸಲಿಲ್ಲ, ಈಗ ಬಂದವರಿಗೆ 'ಬರ್ರಿ, ಆರಾಮ ಆಗ್ರಿ' ಅಂತೀವಿ.

ಅತ್ತಿಯವರನ್ನ ಕೇಳಿನ ಮಾತು ಆರಿಸಿದ್ವಿ. 'ಕೂಡ್' ಅವರ ಬಾಯಿಗೂ ಸಲೀಸು. ಮಗ ಐದೂ ಮಾತು ಪಾಟಿ ಮ್ಯಾಲೆ ಬರದು ಅಡಗಿಮನಿ ಬಾಗಲಕ್ಕ ತೂಗ ಹಾಕ್ಯಾನ. ಹೊತ್ತಿಗೆ ಐದು ನಿಮಿಷ, ದಿನಕ್ಕ ಮೂರು ಹೊತ್ತು. ಈಗ 'ಕೂಡ್' ಅಂದ್ರ ಅತ್ತಿಯವರ ಮಾತಿಗೂ ಕುಂದರತೈತಿ, ಬಾಗಲ ಹಿಂದ ಹೋಗೋದು ನಿಂತೈತಿ.

'ತಡಿ' ಮಾತ್ರ ಮೂರು ಎಣಿಸೋತನಕ ಅಷ್ಟ. ಓಣ್ಯಾಗ ಮಗ್ಗ ಸುರು ಆದ್ರ ಅದೂ ಇಲ್ಲ. ಆ ಸಪ್ಪಳದಾಗ ಹೆಂಗ ಕಲಿಸೋದು, ಗೊತ್ತಿದ್ದವರು ಹೇಳ್ರಿ.