ಪಿ ಅಂಡ್ ಓ ಬಾವುಟ: ನಾಲ್ಕು ಬಣ್ಣ ಎಲ್ಲೆಲ್ಲಿ, ಯಾಕೆ?

ಹಲಗೆ_ಮೊಳೆ:
ಪಿ ಅಂಡ್ ಓ (ಪೆನಿನ್ಸುಲರ್ ಅಂಡ್ ಓರಿಯೆಂಟಲ್) ಎಂಬ ಬ್ರಿಟಿಷ್ ಹಡಗು ಕಂಪನಿಯ ಹಳೇ ಎರಡು ಕಂಬದ ಸ್ಟೀಮರಿನ ಮಾದರಿ 1:100 ಅಳತೆಯಲ್ಲಿ ಮುಗಿಯುತ್ತ ಬಂದಿದೆ. ಒಡಲು ಕಪ್ಪು, ಚಿಮಣಿಯೂ ಕಪ್ಪು. ಉಳಿದಿರುವುದು ಕಂಪನಿ ಬಾವುಟ. ಎರಡು ಕರ್ಣಗಳಿಂದ ನಾಲ್ಕು ಪಾಲು, ಬಿಳಿ ನೀಲಿ ಕೆಂಪು ಹಳದಿ ಅನ್ನುವವರೆಗೆ ಸರಿ. ಆದರೆ ಒಂದು ಚಿತ್ರದಲ್ಲಿ ನೀಲಿ ಎಡಕ್ಕಿದೆ, ಇನ್ನೊಂದರಲ್ಲಿ ಬಲಕ್ಕಿದೆ. ಯಾವುದನ್ನು ನಂಬಲಿ? ಜೊತೆಗೆ, ಹೆಸರಲ್ಲಿರುವ "ಪೆನಿನ್ಸುಲರ್" ನಮ್ಮ ದಖ್ಖನ್ ಪರ್ಯಾಯದ್ವೀಪವೇ ಅಲ್ಲವೇ? ಹಾಗಿದ್ದರೆ ಈ ಬಣ್ಣಗಳಲ್ಲಿ ಇಂಡಿಯಾದ್ದು ಯಾವುದು? ಬಿ.ಐ. (ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ) ಸ್ಟೀಮರಿನ ಮಾದರಿಗೂ ಇದೇ ಬಾವುಟ ನಡೆಯುತ್ತದೆಯೇ?

ಕೂವೆಮರ:
ಎಡ ಬಲ ಬಿಡಿ, ಹಗ್ಗ ಯಾವ ಕಡೆಗಿದೆ ನೋಡಿ. ಕಂಬಕ್ಕೆ ಅಂಟಿದ ಪಾಲು ಯಾವಾಗಲೂ ನೀಲಿ, ಹಾರುವ ತುದಿ ಕೆಂಪು. ಮೇಲೆ ಬಿಳಿ, ಕೆಳಗೆ ಹಳದಿ. ಓಡುವ ಹಡಗಿನ ಬಾವುಟ ಹಿಂದಕ್ಕೆ ಹಾರುತ್ತದಲ್ಲ, ಆಗ ಹಡಗಿನ ಮೂತಿ ನಿಮ್ಮ ಎಡಕ್ಕಿದ್ದರೆ ನೀಲಿಯೂ ಎಡಕ್ಕೆ, ಮೂತಿ ಬಲಕ್ಕಿದ್ದರೆ ನೀಲಿಯೂ ಬಲಕ್ಕೆ. ನೀವು ಕಂಡ ಎರಡು ಚಿತ್ರಗಳೂ ಸರಿಯೇ ಇರಬಹುದು. ಹಳದಿ ಮೇಲೆ ಬಂತೋ, ಬಾವುಟ ತಲೆಕೆಳಗಾಯಿತು ಅಂತ ಲೆಕ್ಕ.

ಜಾಗ: ಎರಡು ಕಂಬದ ಹಡಗಾದರೆ ಕಂಪನಿ ಬಾವುಟ ಹಿಂದಿನ ಕಂಬದ, ಅಂದರೆ ಮೇನ್ ಮಾಸ್ಟಿನ ತುದಿಗೆ. ಹೋಗಲಿರುವ ದೇಶದ ಬಾವುಟ ಮುಂದಿನ ಕಂಬಕ್ಕೆ. ಹಡಗಿನ ಸ್ವಂತ ದೇಶದ ಬಾವುಟ ಹಿಂಭಾಗದ ಕೋಲಿಗೆ. ಮೂರೂ ಒಂದೇ ದಿಕ್ಕಿಗೆ ಹಾರಬೇಕು. ಮಾದರಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ: ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ.

ಹಳೇಬಂದರು:
ಪೆನಿನ್ಸುಲರ್ ಅಂದರೆ ದಖ್ಖನ್ ಅಲ್ಲ, ಐಬೀರಿಯ: ಸ್ಪೇನ್ ಮತ್ತು ಪೋರ್ಚುಗಲ್. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಹೆಸರು ಕಿವಿಗೆ ಬಿದ್ದವರಿಗೆಲ್ಲ ಈ ಗೊಂದಲ ಆಗುತ್ತದೆ.

ಲಂಡನ್ನಿನ ಬ್ರೋಡಿ ವಿಲ್ಕಾಕ್ಸ್ ಮತ್ತು ಶೆಟ್‌ಲ್ಯಾಂಡಿನವನಾದ ಆರ್ಥರ್ ಆಂಡರ್ಸನ್ 1822ರಲ್ಲಿ ಪಾಲುದಾರರಾದರು. ಇವರ ವ್ಯಾಪಾರವೆಲ್ಲ ಐಬೀರಿಯದ ಜೊತೆ. ಪೋರ್ಚುಗಲ್ಲಿನಲ್ಲಿ ರಾಣಿ ಎರಡನೇ ಮರಿಯಾಳ ಸಿಂಹಾಸನವನ್ನು ಚಿಕ್ಕಪ್ಪ ಮಿಗೆಲ್ 1828ರಲ್ಲಿ ಕಸಿದುಕೊಂಡ. ಅಂತರ್ಯುದ್ಧ 1834ರವರೆಗೆ ನಡೆಯಿತು. ಅಲ್ಲಿ ಮುಗಿಯುವ ಮೊದಲೇ ಸ್ಪೇನಿನಲ್ಲೂ ಅದೇ ಕಥೆ: 1833ರಲ್ಲಿ ಅರಸ ತೀರಿಕೊಂಡಾಗ ಮಗಳು ಇಸಾಬೆಲ್ಲಾಗೆ ಮೂರು ವರ್ಷವೂ ತುಂಬಿರಲಿಲ್ಲ, ಚಿಕ್ಕಪ್ಪ ಕಾರ್ಲೋಸ್ ಎದುರು ನಿಂತ. ಎರಡು ಕಡೆಯೂ ವಿಲ್ಕಾಕ್ಸ್ ಮತ್ತು ಆಂಡರ್ಸನ್ ರಾಣಿಯರ ಪಕ್ಷ ಹಿಡಿದು ನೆರವಾದರು. ಎರಡೂ ಕಡೆ ಗೆದ್ದದ್ದು ರಾಣಿಯರೇ. ಆ ನಂಟಿನ ಗುರುತು ಈ ಬಾವುಟ. ನೀಲಿ ಬಿಳಿ ಪೋರ್ಚುಗಲ್ಲಿನ ರಾಜಧ್ವಜದ್ದು, ಕೆಂಪು ಹಳದಿ ಸ್ಪೇನಿನದು.

ಬಾವುಟವನ್ನು ಕೈಯಲ್ಲಿ ಹಿಡಿದು ನೋಡಿ: ಹಗ್ಗದ ಕಡೆಯ ಕೆಳಮೂಲೆಯಿಂದ ಆಚೆಯ ಮೇಲ್ಮೂಲೆಗೆ ಹೋಗುವ ಕರ್ಣವೇ ಗಡಿ. ಅದರ ಮೇಲೆ ಪೋರ್ಚುಗಲ್, ಕೆಳಗೆ ಸ್ಪೇನ್. ಇದು ಗೊತ್ತಿದ್ದರೆ ಬಣ್ಣ ಅದಲುಬದಲು ಆಗುವುದಿಲ್ಲ.

ಐಬೀರಿಯಕ್ಕೆ ಟಪಾಲು ಒಯ್ಯುವ ಗುತ್ತಿಗೆ ಸಿಕ್ಕಿದ್ದು 1837ರ ಆಗಸ್ಟ್ 22ರಂದು. ಆಗಿನ ಹೆಸರು ಪೆನಿನ್ಸುಲರ್ ಸ್ಟೀಮ್ ನ್ಯಾವಿಗೇಶನ್ ಕಂಪನಿ. ಹಡಗುಗಳ ಹೆಸರು ನೋಡಿ: ಐಬೀರಿಯ, ಬ್ರಗಾಂಜಾ, ಟೇಗಸ್, ಡಾನ್ ಜುವಾನ್. ಕೊನೆಯದು ಅದೇ ಸೆಪ್ಟೆಂಬರಿನಲ್ಲಿ ಸ್ಪೇನಿನ ತರೀಫಾ ಬಳಿ ಬಂಡೆಗೆ ಬಡಿದು ಹೋಯಿತು. "ಓರಿಯೆಂಟಲ್" ಸೇರಿದ್ದು 1840ರ ಡಿಸೆಂಬರ್ 31ರ ರಾಜಸನದಿನಲ್ಲಿ. ಇಂಡಿಯಾ ಸೇವೆಗೆಂದು "ಹಿಂದೋಸ್ತಾನ್" ಹಡಗು ಸೌತಾಂಪ್ಟನ್ ಬಿಟ್ಟದ್ದು 1842ರ ಸೆಪ್ಟೆಂಬರಿನಲ್ಲಿ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಇಂಡಿಯಾದ ಬಣ್ಣ ಒಂದೂ ಇಲ್ಲ. ಮುಂದೆ ಸಂಪಾದನೆಯೆಲ್ಲ ಪೂರ್ವದಿಂದ ಬಂದರೂ ಬಾವುಟದಲ್ಲಿ ಅದಕ್ಕೊಂದು ಮೂಲೆಯೂ ಸಿಗಲಿಲ್ಲ!

ಬಿ.ಐ. ಮಾದರಿಗೆ ಇದನ್ನು ಹಾಕಬೇಡಿ. 1914ರಲ್ಲಿ ಎರಡು ಕಂಪನಿಗಳೂ ಒಂದಾದರೂ ಬಿ.ಐ. ತನ್ನ ಹೆಸರು, ಬಾವುಟ, ಚಿಮಣಿ ಮೂರನ್ನೂ ಉಳಿಸಿಕೊಂಡಿತು: ಹಾವಿನ ನಾಲಗೆಯಂತೆ ತುದಿ ಸೀಳಿದ ಬಿಳಿ ಬಾವುಟ, ಅದರ ಮೇಲೆ ಕೆಂಪು ಗುಣಾಕಾರ ಚಿಹ್ನೆ, ಕಪ್ಪು ಚಿಮಣಿಗೆ ಎರಡು ಬಿಳಿ ಪಟ್ಟಿ.

ಕತ್ತರಿ_ಗೋಂದು:
ಮಾಡುವ ಬಗೆ ಹೇಳುತ್ತೇನೆ. 6 × 9 ಅಡಿಯ ಬಾವುಟ ಅಂದುಕೊಂಡರೆ 1:100ರಲ್ಲಿ 18 × 27 ಮಿ.ಮೀ. ಎರಡು ಬದಿಯನ್ನೂ ಒಂದೇ ಚೀಟಿಯಲ್ಲಿ, ಒಂದು ಇನ್ನೊಂದರ ಕನ್ನಡಿಬಿಂಬವಾಗುವಂತೆ ಪ್ರಿಂಟ್ ಮಾಡಿ. ನಡುವೆ ನೀಲಿಗೆ ನೀಲಿ ತಾಗಬೇಕು. ಅಲ್ಲೇ 2 ಮಿ.ಮೀ. ನೀಲಿ ಪಟ್ಟಿ ಹೆಚ್ಚಿಗೆ ಬಿಡಿ, ದಾರ ಸುತ್ತಿ ಮಡಿಸಲು ಬೇಕು. ಒಟ್ಟು ಉದ್ದ 56 ಮಿ.ಮೀ.

ಮಾಮೂಲಿ ಎ4 ಕಾಗದ ಬೇಡ, ಮಡಿಸಿದರೆ ರಟ್ಟಿನಂತೆ ನಿಲ್ಲುತ್ತದೆ. ಟಿಶ್ಯೂ ಕಾಗದವನ್ನು ಎ4 ಹಾಳೆಗೆ ಟೇಪಿನಿಂದ ಅಂಟಿಸಿ ಲೇಸರ್ ಪ್ರಿಂಟರಿಗೆ ಕೊಡಿ; ಮುಂದಿನ ಅಂಚು ಪೂರ್ತಿ ಟೇಪಿನಡಿ ಇರಲಿ, ಇಲ್ಲದಿದ್ದರೆ ರೋಲರಿಗೆ ಸಿಕ್ಕಿಕೊಳ್ಳುತ್ತದೆ. ಇಂಕ್‌ಜೆಟ್ ಆದರೆ ಗೋಂದಿನ ನೀರು ತಾಗಿದ ಕೂಡಲೇ ಕೆಂಪು ಹರಿದು ಪಕ್ಕದ ಬಿಳಿಯೆಲ್ಲ ಗುಲಾಬಿ. ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ತೆಳ್ಳಗೆ ಹಚ್ಚಿ, ಮಡಿಸಿ. ಅರ್ಧ ಒಣಗಿರುವಾಗಲೇ 3 ಮಿ.ಮೀ. ಕಡ್ಡಿಯ ಮೇಲೆ ಓರೆಯಾಗಿ ಸುತ್ತಿ ಬಿಡಿ. ನಿಜವಾದ ಬಟ್ಟೆಯ ಸುಕ್ಕು ಹಗ್ಗದ ಮೇಲ್ಮೂಲೆಯಿಂದ ಓರೆಯಾಗಿ ಕೆಳಗಿಳಿಯುತ್ತದೆ. ನೆಟ್ಟಗೆ ಸುತ್ತಿದರೆ ತಗಡಿನ ಶೀಟು ಕಂಡ ಹಾಗೆ ಕಾಣುತ್ತದೆ. ಮಡಿಕೆಯಲ್ಲಿ ಕಾಗದದ ಬಿಳಿ ಗೆರೆ ಎದ್ದರೆ ನೀಲಿ ಪೆನ್ನಿನಿಂದ ಮುಟ್ಟಿಸಿ.

ಗಿರಿಗಿಟ್ಲೆ:
ಪ್ರದರ್ಶನಕ್ಕೆ ಬಟ್ಟೆಯಲ್ಲೇ 60 × 90 ಸೆಂ.ಮೀ. ಹೊಲಿಸಬೇಕು. ನಾಲ್ಕು ತ್ರಿಕೋನ ಕತ್ತರಿಸಿ ಜೋಡಿಸಿದರೆ ನಡುವೆ ಗುಬ್ಬಟೆ ಏಳುತ್ತಿದೆಯಲ್ಲ, ಯಾಕೆ?

ಕತ್ತರಿ_ಗೋಂದು:
ಎರಡು ಕಾರಣ. ಕರ್ಣದ ಅಂಚು ಬಟ್ಟೆಯ ಓರೆಗೆ ಬೀಳುತ್ತದೆ, ಹೊಲಿಯುವಾಗ ಎಳೆದುಕೊಂಡು ಹಿಗ್ಗುತ್ತದೆ. ಹೊರ ಅಂಚು ಎಳೆಗೆ ನೇರ ಬರುವಂತೆ ಕತ್ತರಿಸಿ, ಓರೆ ಅಂಚಿಗೆ ಮೊದಲೇ ಹತ್ತಿಯ ಪಟ್ಟಿ ಕೊಟ್ಟು ಕಚ್ಚಾ ಹೊಲಿಗೆ ಹಾಕಿ. ಎರಡನೆಯದು, ನಾಲ್ಕು ಮೂಲೆಯನ್ನೂ ಒಟ್ಟಿಗೆ ಕೂಡಿಸಲು ಹೋಗುತ್ತಿದ್ದೀರಿ. ನೀಲಿಗೆ ಬಿಳಿ ಹೊಲಿದು ಒಂದು ಅರ್ಧ, ಕೆಂಪಿಗೆ ಹಳದಿ ಹೊಲಿದು ಇನ್ನೊಂದು ಅರ್ಧ ಮಾಡಿ. ಕೊನೆಗೆ ಮೇಲೆ ಹೇಳಿದ ಆ ಗಡಿಕರ್ಣವನ್ನು ಒಂದೇ ಓಟದಲ್ಲಿ ಹೊಲಿಯಿರಿ. ಸುಮಾರು 108 ಸೆಂ.ಮೀ. ಬರುತ್ತದೆ. ಹೊಲಿಗೆಗೆ 1.5 ಸೆಂ.ಮೀ. ಬಿಟ್ಟುಕೊಳ್ಳಿ, ಅಂಚನ್ನು ಒಳಕ್ಕೆ ಮಡಚಿ ಮೇಲಿಂದ ಇನ್ನೊಂದು ಸಾಲು ಹೊಡೆದರೆ ಎರಡೂ ಬದಿ ಚೊಕ್ಕಟ. ಕೆಂಪು ತುದಿಗೆ ಮಾತ್ರ ನಾಲ್ಕು ಸಾಲು ಹೊಲಿಗೆ ಹಾಕಿಸಿ, ಗಾಳಿಗೆ ಮೊದಲು ಹರಿಯುವುದು ಅದೇ.