“ಉಸಿರು ಬಿಡಿ, ಸರ್!”

“ಅಲ್ಲ ಕಣೋ, ಅಂತರಗಂಗೆಗೆ ಗೈಡ್ ಬೇಕಾ? ದೇವಸ್ಥಾನದ ತನಕ ಮೆಟ್ಟಿಲಿದೆ. ಮೆಟ್ಟಿಲು ಹತ್ತಿಸಿದ್ದಕ್ಕೆ ದುಡ್ಡು ಕೊಡುವುದಾದರೆ, ಲಿಫ್ಟ್ ಕೆಟ್ಟ ದಿನ ನಮ್ಮ ವಾಚ್‌ಮನ್ನಿಗೂ ಕೊಡಬೇಕು,” ಎಂದ ಶ್ರೀಕಂಠ.

ಅವನು ನಮ್ಮ ಜೊತೆ ಬಂದಿರಲಿಲ್ಲ. ಬಾರದವರಿಗೇ ಮಾತು ಜಾಸ್ತಿ. ನಾವು ಮೂವರು ಭಾನುವಾರ ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೋಗಿ, ಗೈಡ್ ಹಿಡಿದು ಗುಹೆಗಳಲ್ಲಿ ನುಗ್ಗಿ ಬಂದು, ಸೋಮವಾರ ಸಂಜೆ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆವು. ಕೂರುವ ಹೋಟೆಲಿಗೂ ಹೋಗಬಹುದಿತ್ತು. ಆದರೆ ಕೂತವರನ್ನು ಎಬ್ಬಿಸುವವರು ಯಾರು?

“ಮೆಟ್ಟಿಲು ಮುಗಿಯುವುದು ಕಾಶಿ ವಿಶ್ವೇಶ್ವರನ ಗುಡಿ ಹತ್ತಿರ. ಬಸವನ ಬಾಯಿಂದ ನೀರು ಬೀಳುತ್ತಲ್ಲ, ಅಲ್ಲಿ. ಆಮೇಲೆ ಬರೀ ಬಂಡೆ,” ಎಂದಳು ಗಿರಿಜಾ. “ಯಾವ ಸಂದಿಗೆ ನುಗ್ಗಿದರೆ ಆಚೆ ಬರುತ್ತೀವಿ, ಯಾವುದಕ್ಕೆ ನುಗ್ಗಿದರೆ ಅಲ್ಲೇ ಇರುತ್ತೀವಿ ಅನ್ನೋದು ಆ ಹುಡುಗನಿಗೆ ಮಾತ್ರ ಗೊತ್ತು.”

“ಆಂಧ್ರದ ಬೇಲಂ ಗುಹೆ ನೋಡಿಲ್ವಾ ನಾನು? ಒಳಗೆ ಲೈಟ್ ಇತ್ತು, ಆರಾಮಾಗಿ ಓಡಾಡಿದೆ.”

“ಅದು ಸುಣ್ಣಕಲ್ಲು ಮಾರಾಯ. ನೀರು ಕಲ್ಲನ್ನು ಕರಗಿಸಿ ಮೂರು ಕಿಲೋಮೀಟರಿಗಿಂತ ಉದ್ದದ ದಾರಿ ಮಾಡಿದೆ. ಇಲ್ಲಿ ಯಾರೂ ಏನೂ ಕರಗಿಸಿಲ್ಲ. ದಪ್ಪ ದಪ್ಪ ಬಂಡೆ ಒಂದರ ಮೇಲೊಂದು ಬಿದ್ದು ಕೂತಿವೆ. ನಡುವೆ ಉಳಿದ ಸಂದಿಗೆ ಗುಹೆ ಅಂತ ಹೆಸರು.”

“ಕೂರುವಾಗ ನನ್ನ ಅಳತೆ ಅಂತೂ ತಗೊಂಡಿಲ್ಲ,” ಎಂದ ನಾಣಿ.

ನಾಣಿಯ ವಿಷಯ ಸ್ವಲ್ಪ ಹೇಳಬೇಕು. ಬೆಳಿಗ್ಗೆ ಗೈಡ್ ಹುಡುಗ ಎಲ್ಲರನ್ನೂ ಸುತ್ತ ನಿಲ್ಲಿಸಿ, ಹೆಸರು ಹೇಳಿ, ಯಾಕೆ ಬಂದಿರಿ ಅಂತ ಹೇಳಿ ಎಂದ. ಒಬ್ಬರು ಪ್ರಕೃತಿ ಅಂದರು. ಇನ್ನೊಬ್ಬರು ಆಫೀಸಿನ ಟೆನ್ಷನ್ ಅಂದರು. ನಾಣಿ, “ಡಾಕ್ಟರು ನಡೀರಿ ಅಂದರು. ಎಲ್ಲಿ ಅಂತ ಹೇಳಲಿಲ್ಲ,” ಅಂದ. ಗುಡಿ ಹತ್ತಿರ ಕೋತಿಗಳಿವೆ, ಕೈಯಲ್ಲಿ ಕವರ್ ಹಿಡೀಬೇಡಿ ಎಂದೂ ಗೈಡ್ ಹೇಳಿದ್ದ. ನಾಣಿಯ ಚಕ್ಕುಲಿ ಪೊಟ್ಟಣವನ್ನು ಕಿತ್ತುಕೊಂಡ ಕೋತಿ ಗಡಿಬಿಡಿಯನ್ನೇನೂ ಮಾಡಲಿಲ್ಲ. ಗೋಡೆ ಮೇಲೆ ಕೂತು, ಮುರಿದಿದ್ದನ್ನೆಲ್ಲ ಪಕ್ಕಕ್ಕೆ ಹಾಕಿ, ಇಡೀ ಚಕ್ಕುಲಿಗಳನ್ನೇ ಆರಿಸಿ ತಿಂದಿತು.

ಅಷ್ಟು ಹಗುರವಾದರೂ ನಾಣಿ ಗುಹೆಗೆ ಹಿಡಿಸಲಿಲ್ಲ. ಕೂತು ಜಾರಿ ಇಳಿದದ್ದಾಯಿತು. ಮುಂದಿನ ತಿರುವಿನಲ್ಲಿ ಹೊಟ್ಟೆ ಮೇಲೆ ತೆವಳಬೇಕು. ನನ್ನ ಮುಖದ ಮುಂದೆ ನಾಣಿಯ ಶೂ. ಬೆಲ್ಟಿನ ಬಕಲ್ ಕಲ್ಲಿಗೆ ಉಜ್ಜಿ ಕಿರ್ರ್ ಎಂದಿತು. ಆಮೇಲೆ ಸದ್ದಿಲ್ಲ.

“ನಾಣಿ?”

“ಇದ್ದೀನಿ.”

“ಮುಂದೆ ಹೋಗೋ.”

“ನಾನು ಹೋಗಿದ್ದೀನಿ. ಹೊಟ್ಟೆ ಇನ್ನೂ ಬಂದಿಲ್ಲ.”

ಆಚೆಯಿಂದ ಗೈಡ್ ಹುಡುಗನ ಟಾರ್ಚ್ ಬೆಳಕು ಬಿತ್ತು. “ಸರ್, ಉಸಿರು ಎಳ್ಕೋಬೇಡಿ, ಪೂರ್ತಿ ಬಿಡಿ. ಬಲಗೈ ಮುಂದೆ ಚಾಚಿ. ಎಡಗೈ ತೊಡೆಗೆ ಅಂಟಿಸಿ. ಈಗ ಓರೆಯಾಗಿ ತಿರುಗಿ.” ನಾಣಿ ಉಸಿರು ಬಿಟ್ಟ. ಅಂಗಿಯ ಗುಂಡಿಯೊಂದು ಅಲ್ಲೇ ಉಳಿಯಿತು, ನಾಣಿ ಆಚೆ ಬಂದ.

“ನಾನು ದುಡ್ಡು ಕೊಟ್ಟಿದ್ದು ಆ ಉಸಿರಿಗೆ ಕಣೋ,” ಎಂದ ನಾಣಿ. “ಮೆಟ್ಟಿಲಿಗಲ್ಲ.”

ಶ್ರೀಕಂಠ ಸೋಲುವವನಲ್ಲ. “ಬೆಟ್ಟದ ಮೇಲೆ ತೇರಹಳ್ಳಿ ಇದೆ. ಏಳು ಹಳ್ಳಿ ಇದೆ ಅಂತಾರೆ. ಅವರೆಲ್ಲ ಗೈಡ್ ಇಟ್ಕೊಂಡಿದ್ದಾರಾ?”

ಅಂಥ ಒಬ್ಬ ಅಜ್ಜಿ ನಮಗೂ ಸಿಕ್ಕಿದ್ದಳು. ತಲೆ ಮೇಲೆ ಹುಲ್ಲಿನ ಹೊರೆ. ಬಿಲದಿಂದ ಒಬ್ಬೊಬ್ಬರಾಗಿ ಎದ್ದು ಬಂದ ನಮ್ಮನ್ನು ನೋಡಿ, “ಏನು ಕಳ್ಕೊಂಡ್ರಿ ಸಾಮಿ?” ಎಂದಳು. “ಏನಿಲ್ಲಜ್ಜಿ, ಸುಮ್ನೆ ನೋಡೋಕೆ ಬಂದ್ವಿ,” ಎಂದಳು ಗಿರಿಜಾ. “ದುಡ್ಡು ಕೊಟ್ಟಾ?” “ಹೂಂ.” ಅಜ್ಜಿ ಗೈಡಿನ ಕಡೆ ತಿರುಗಿ, “ಪರವಾಗಿಲ್ಲ ಮಗ, ಬದುಕ್ಕೋತೀಯ,” ಎಂದು ಹೊರಟಳು. ಹೊರೆ ಅಲುಗಲಿಲ್ಲ.

“ಸರಿ, ಮೇಲಿಂದ ಏನು ಕಂಡಿತು?”

“ಕೋಲಾರ ಪೂರ್ತಿ ಕಂಡಿತು. ಗಂಗರು ತಲಕಾಡಿಗೆ ಹೋಗುವ ಮುಂಚೆ ಆಳಿದ ಕುವಲಾಲ ಇದೇ ಅಲ್ವಾ? ಸುತ್ತ ಹೊಲ, ನಡುನಡುವೆ ಕೆರೆಗಳು. ಬಿಸಿಲಿಗೆ ಹೊಳೆಯುತ್ತಿದ್ದವು,” ಎಂದೆ.

“ಹೊಳೆಯದೆ ಏನು? ಕೆ.ಸಿ. ವ್ಯಾಲಿ ನೀರು!” ಶ್ರೀಕಂಠನಿಗೆ ಜೀವ ಬಂತು. “2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ, ಅಂತರ್ಜಲ ಏರಲಿ ಅಂತ. ಅಂದರೆ ನೀವು ಎಪ್ಪತ್ತು ಕಿಲೋಮೀಟರ್ ಹೋಗಿ, ದುಡ್ಡು ಕೊಟ್ಟು, ನಮ್ಮೂರಿನ ಬಚ್ಚಲ ನೀರಿನ ಫೋಟೊ ತೆಗೆದಿದ್ದೀರಿ!”

“ನೀರಿಗೆ ಪೈಪ್ ಹಾಕಿಕೊಟ್ಟಿದ್ದಾರೆ,” ಎಂದ ನಾಣಿ. “ನನಗೆ ಸಂದಿ.”

ನಕ್ಕು ಮುಗಿದ ಮೇಲೆ ಶ್ರೀಕಂಠ ಲೋಟ ಇಟ್ಟು, ಸ್ವಲ್ಪ ಮೆಲ್ಲಗೆ, “ನಾಲ್ಕು ಜನ ಆದರೆ ಆ ಹುಡುಗ ಏನಾದರೂ ಕಡಿಮೆ ಮಾಡುತ್ತಾನಾ?” ಎಂದು ಕೇಳಿದ.

ನಾಣಿ ಅವನ ಹೊಟ್ಟೆಯನ್ನು ಒಮ್ಮೆ ನೋಡಿದ. “ಕೇಳಿ ನೋಡೋಣ. ನೀನು ಬೆಲ್ಟ್ ಹಾಕ್ಕೊಂಡು ಬರಬೇಡ.”